ಹಿಗ್ಗಿದ ಫೈಲು, ಕುಗ್ಗಿದ ಫೈಲು

ನಾಗರಪಂಚಮಿಯ ದಿನ ಏಳನೇ ಕ್ಲಾಸಿಗೆ ಶರಣು ಹೊಡೆದು ಮನೆ ಬಿಟ್ಟ ಈರಭದ್ರ ಊರೂರು ಅಲೆದು, ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಗಡ್ಡೆ ಪರೀಕ್ಷೆಯ ಸ್ಲೈಡುಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿಡುತ್ತಿದ್ದ.

ಫೋಟೋದ ಫೈಲು ಕುಗ್ಗಿಸಿಟ್ಟರೆ ಡಿಸ್ಕಿನಲ್ಲಿ ಜಾಗ ಉಳಿದು ಖರ್ಚು ಅಷ್ಟಿಷ್ಟೇ. ಆ ಫೋಟೋ ನೋಡಿ ರಿಪೋರ್ಟು ಬರೆಯುವ ಡಾಕ್ಟರ್ ಹಾವನೂರರು ಒಪ್ಪಬೇಕಲ್ಲ! "ಆ ಯಶೋಧರಾನ ಫೈಲಿಗಿಂತ ನನ್ನ ಫೈಲು ದೊಡ್ಡದಿರಬೇಕಲೇ!" ಅದೇ ಲ್ಯಾಬಿನ ಯಶೋಧರಾ ಡಾಕ್ಟರರದೂ ಅದೇ ಹಟ. ಡಿಸ್ಕು ತುಂಬಿತು. "ಹೊಸ ರೋಗಿಗಳಿಗೆ ಜಾಗ ಮಾಡು, ಇಲ್ಲಾ ಕೆಲಸ ಬಿಡು" ಎಂದರು ಮಾಲೀಕರು.

ಈರಭದ್ರ ಹಾವನೂರರ ಕಿವಿಯಲ್ಲಿ ಉಸುರಿದ: "ಸಾಹೇಬ್ರ, ಮೇಡಮ್ಮೋರು ಫೈಲು ಕುಗ್ಗಿಸಾಕತ್ತಾರ್ರೀ. ಸಣ್ಣದು ಲಗೂ ತೆರೀತೈತಿ. ನಿಮ್ಮದು ತೆರಿಯೋದ್ರಾಗ ಅವರ ರಿಪೋರ್ಟು ರೋಗಿ ಕೈಯಾಗಿರ್ತೈತಿ."

ಯಶೋಧರಾ ಮೇಡಮ್ಮಿನ ಕಿವಿಗೂ ಅದನ್ನೇ ಹೆಸರು ಬದಲಿಸಿ ಊದಿದ. ಸಂಜೆಯೊಳಗೆ ಇಬ್ಬರ ಫೈಲುಗಳೂ ಕುಗ್ಗಿ, ಡಿಸ್ಕು ಅರ್ಧ ಖಾಲಿಯಾಯಿತು.

ಮರುದಿನ ಹಾವನೂರರು ಓಡಿಬಂದರು. "ಆಕೀದಕ್ಕಿಂತ ಇನ್ನೂ ಸಣ್ಣದು ಮಾಡಲೇ!"

"ಇನ್ನೂ ಕುಗ್ಗಿಸಿದ್ರ ನಿಮಗ ಏನೂ ಕಾಣಂಗಿಲ್ರೀ."

"ನನಗ ಕಾಣದಿದ್ರೂ ನಡೀತೈತಿ. ಆಕೀಗಿಂತ ಮೊದಲು ತೆರೀಬೇಕು!"

ಈರಭದ್ರ ಮತ್ತೆ ಊರು ಬಿಡಲು ಚೀಲಕ್ಕೆ ಲುಂಗಿ ತುರುಕತೊಡಗಿದ.