ಹಿತ್ತಲ ಹೊಂಡಕ್ಕೆ ನೀರು

ಮುರಿಗಯ್ಯ ಅಜ್ಜಾರ ಮಠದ ಹಿತ್ತಲಲ್ಲಿ ಈಸುವುದಕ್ಕೆಂದೇ ಕಟ್ಟಿಸಿದ ಒಂದು ಕಲ್ಲಿನ ಹೊಂಡವಿತ್ತು. ನಾನೂ ಅಲ್ಲೇ ಈಸು ಕಲಿತವನು. ಈಗಲೂ ಬೇಸಿಗೆ ಬಂತೆಂದರೆ ಆ ನೀರಿನ ತಂಪು ನೆನಪಾಗಿ ಮನಸ್ಸು ಮೆತ್ತಗಾಗುತ್ತದೆ.

ಆ ಹೊಂಡಕ್ಕೆ ಸೆಲೆ ಇರಲಿಲ್ಲ, ಕಾಲುವೆಯೂ ಇರಲಿಲ್ಲ. ಇದ್ದದ್ದು ಒಂದು ಪದ್ಧತಿ. ನೀರಿಗೆ ಇಳಿಯುವವರು ಯಾರೇ ಆಗಲಿ, ಮೊದಲು ಮಠದ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು ಹೊಂಡಕ್ಕೆ ಸುರಿಯಬೇಕು. ಗೌಡರ ಮಗನಿಗೂ ಅದೇ, ದನ ಕಾಯುವವನಿಗೂ ಅದೇ. ಚಿಕ್ಕ ಮಕ್ಕಳಾದರೆ ಒಂದು ತಂಬಿಗೆ. ಬಿಸಿಲು ಕುಡಿದದ್ದು, ನಾವು ಎರಚಾಡಿ ಚೆಲ್ಲಿದ್ದು ಹೀಗೆ ತುಂಬಿಕೊಳ್ಳುತ್ತಿತ್ತು.

ಬಾವಿಕಟ್ಟೆಯ ಮೇಲೆ ಹಗ್ಗಕ್ಕಾಗಿ ಜಗಳ, ನಗು, ಊರ ಸುದ್ದಿಯೆಲ್ಲ ನಡೆಯುತ್ತಿತ್ತು. ಈಸುವುದಕ್ಕಿಂತ ಅಲ್ಲೇ ಹೆಚ್ಚು ಹೊತ್ತು ಹೋಗುತ್ತಿತ್ತು. ಅಂಥ ಜಗಳ ಈಗ ಬೇಕೆಂದರೂ ಸಿಗುವುದಿಲ್ಲ, ಬಿಡಿ.

ವರ್ಷಗಳು ಕಳೆದವು. ಅಜ್ಜಾರ ಮೊಣಕಾಲು ಹಿಡಿದುಕೊಂಡವು. ನೆಲದ ಮೇಲೆ ಹೆಜ್ಜೆ ಇಡಲಾಗದ ಅವರು ಎದೆಮಟ್ಟದ ನೀರಿಗೆ ಇಳಿದರೆ ಮಾತ್ರ ಮಗುವಿನಂತೆ ಓಡಾಡುತ್ತಿದ್ದರು. ಅವರನ್ನು ದಿನಾ ಬೆನ್ನ ಮೇಲೆ ಹೊತ್ತು ತಂದು ಇಳಿಸುತ್ತಿದ್ದವನು ಶಿಷ್ಯ ಕಳಕಪ್ಪ. ಹೊಂಡ ಬತ್ತಿದರೆ ಗುರುಗಳು ಹಾಸಿಗೆ ಹಿಡಿಯುತ್ತಾರೆ ಎಂಬ ಒಂದೇ ಚಿಂತೆ ಅವನಿಗೆ.

ಆ ಚಿಂತೆಯಲ್ಲಿ ಅವನು ಮಾಡದ ಉಪಾಯವಿಲ್ಲ. ಬಿಸಿಲು ನೀರು ಕುಡಿಯದಿರಲೆಂದು ಮಧ್ಯಾಹ್ನ ಹೊಂಡದ ಮೇಲೆ ಈಚಲು ಚಾಪೆ ಹೊಚ್ಚಿದ. ಮಾಳಿಗೆಯ ಮಳೆನೀರು ಹೊಂಡಕ್ಕೇ ಬೀಳುವಂತೆ ತಗಡು ಬಗ್ಗಿಸಿ ಕಟ್ಟಿದ. ಆದರೂ ಬೇಸಿಗೆಯಲ್ಲಿ ನೀರು ಇಳಿಯಿತು.

ಕೊನೆಗೆ ಬಾವಿಗೆ ಮೋಟಾರು ಕೂಡಿಸಿ ಮಾಳಿಗೆಯ ಮೇಲೊಂದು ನೀರಿನ ಟಾಕಿ ಇಟ್ಟ. ಟಾಕಿಯಿಂದ ಹೊಂಡಕ್ಕೆ ಪೈಪು ಎಳೆದು, ಅದರ ಬಾಯಿಗೆ ತೇಲುವ ಚೆಂಡಿನ ನಳ ಹಾಕಿದ. ನೀರು ಇಳಿದರೆ ಚೆಂಡೂ ಇಳಿದು ನಳ ತೆರೆಯುತ್ತದೆ, ತುಂಬಿದರೆ ತಾನೇ ಮುಚ್ಚುತ್ತದೆ.

“ಅಜ್ಜಾರ, ಇನ್ನ ಯಾರೂ ಕೊಡಾ ಹೊರೂದು ಬ್ಯಾಡ್ರಿ. ಹೊಂಡ ತನ್ನಷ್ಟಕ್ಕ ತಾನ ತುಂಬ್ತೇತಿ.”

“ಯಾರೂ ಬ್ಯಾಡೇನು?”

“ಯಾರೂ ಬ್ಯಾಡ್ರಿ. ಬಂದಾವರಿಗೂ ಹೇಳೇನಿ.”

ಅಜ್ಜಾರು ಅಂಚಿನವರೆಗೆ ತುಂಬಿದ ನೀರನ್ನು ನೋಡಿದರು. “ಹೂಂ,” ಅಂದರು.

ಕಳಕಪ್ಪ ಆ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ.

ಮರುವರ್ಷದ ಬೇಸಿಗೆಯಲ್ಲಿ, ಅಡುಗೆಯ ಪಾರ್ವತವ್ವ ಖಾಲಿ ಕೊಡವನ್ನು ಅವನ ಮುಂದೆ ಕುಕ್ಕಿದಳು. “ಏನೋ ಕಳಕಪ್ಪ, ಬಾವಿ ತಳಾ ಕಾಣಾಕ ಹತ್ತೇತಿ. ಅನ್ನಕ್ಕ ಎಸರಿಡಾಕ ನೀರಿಲ್ಲ. ಮಠದ ಮಂದಿ ಏನು ಕುಡೀಬೇಕು?”

ಅವನು ಗುರುಗಳ ಹತ್ತಿರ ಓಡಿದ.

“ಅಜ್ಜಾರ, ಈ ಸಲ ಬಿಸಿಲು ಭಾಳ ಐತ್ರಿ. ಹೊಂಡದ ನೀರೆಲ್ಲಾ ಅದ ಕುಡ್ಯಾಕ ಹತ್ತೇತಿ.”

“ಬಿಸಿಲು ಕುಡದದ್ದು ನೀ ಕಂಡಿಯೇನು?”

“ಮತ್ಯಾರು ಕುಡೀತಾರ್ರಿ?”

“ನಳ ಬಂದ್ ಮಾಡು. ಒಂದು ಬಕೀಟಿನ ತುಂಬ ನೀರು ಹಾಕಿ ಹೊಂಡದ ಮೆಟ್ಟಲ ಮ್ಯಾಲ ಇಡು. ನಾಳೆ ಎರಡೂ ನೋಡು.”

ಮರುದಿನ ಬಕೀಟಿನ ನೀರು ಒಂದಿಷ್ಟು ಇಳಿದಿತ್ತು. ಹೊಂಡದ ನೀರು ಒಂದು ಗೇಣು ಇಳಿದಿತ್ತು. ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು. ಕಳಕಪ್ಪ ಬಕೀಟನ್ನೂ ಹೊಂಡವನ್ನೂ ನೋಡುತ್ತ ನಿಂತ.

ಕೆಲವೇ ದಿನಗಳಲ್ಲಿ ಹೊಂಡದ ತಳ ಕಂಡಿತು. ಮೂಲೆಯಲ್ಲಿ, ಪಕ್ಕದ ಬೇವಿನ ಮರದ ಬೇರು ಕಲ್ಲು ಸರಿಸಿ ಒಳಗೆ ನುಗ್ಗಿತ್ತು. ಕೈ ಹೋಗುವಷ್ಟು ಸಂದಿ.

“ಎಂದಿನಿಂದ ಸೋರ್ತಿತ್ತೋ?” ಅಜ್ಜಾರು ಕೇಳಿದರು.

“ಗೊತ್ತಿಲ್ರಿ. ನಳ ತುಂಬಕೋತನ ಇತ್ತಲ್ರಿ.”

“ಹಿಂದಕೂ ಒಮ್ಮೆ ಸೋರಿತ್ತು. ಆವಾಗ ಹೆಂಗ ಗೊತ್ತಾತು?”

ಕಳಕಪ್ಪ ನೆನಪು ಮಾಡಿಕೊಂಡ. “ಮಂದಿ ಬೈದಿದ್ರು ನೋಡ್ರಿ! ದಿನಾ ಹೊತ್ತು ಹೊತ್ತು ಹಾಕ್ತೀವಿ, ಹಾಳಾದ ಹೊಂಡ ತುಂಬವಲ್ದು ಅಂತ. ಆ ಬಸಮ್ಮಜ್ಜಿ ಅಂತೂ ಬಂದು ನಿಮ್ಮ ಕೂಡನ ಜಗಳಾ ತಗದಿದ್ಲು.” ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು!

ಅಜ್ಜಾರೂ ನಕ್ಕರು. “ಆ ಮಂದಿ ಎಲ್ಲಿ ಹೋದ್ರು?”

ಕಳಕಪ್ಪನ ನಗು ನಿಂತಿತು.

“ಬರೂದು ಬಿಟ್ಟಾರ್ರಿ.”

“ಯಾವಾಗಿಂದ?”

ಹೊಂಡ ತುಂಬಿಯೇ ಇತ್ತಲ್ಲ. ಯಾರು ಬಂದರು, ಯಾರು ಬಿಟ್ಟರು ಎಂದು ಅವನು ಗಮನಿಸಿಯೇ ಇರಲಿಲ್ಲ.

ಬೇರು ಕಡಿದು, ಸಂದಿಗೆ ಗಾರೆ ಮೆತ್ತಿದ. ಮೋಟಾರು ನಿಂತ ಮೇಲೆ ಬಾವಿಯೂ ಮೆಲ್ಲಗೆ ಚೇತರಿಸಿಕೊಂಡಿತು. ಆದರೆ ಹೊಂಡ ಬರಿದಾಗಿತ್ತು. ಅಜ್ಜಾರು ಹೊರಸಿನ ಮೇಲಿಂದ ಏಳಲಾಗದೆ ಮಲಗಿದ್ದರು.

“ಪ್ಯಾಟಿಯಿಂದ ಟ್ಯಾಂಕರ್ ತರಸ್ಲೇನ್ರಿ?”

“ಬ್ಯಾಡ. ಊರಾಗ ಹೋಗಿ, ಹೊಂಡ ಬತ್ತೇತಿ ಅಂತ ಹೇಳಿ ಬಾ.”

“ಒಂದೊಂದು ಕೊಡಾ ಹಾಕಿದ್ರ ಇದು ತುಂಬೂದು ಯಾವಾಗ್ರಿ? ಅಲ್ಲೀತನಾ ನಿಮ್ಮ ಕಾಲು?” ಕಳಕಪ್ಪ ಬರಿದಾದ ಹೊಂಡದ ಕಡೆ ಕೈ ತೋರಿಸಿದ. “ನೀವು ಹಿಂಗ ಮಲಗಬಾರದು ಅಂತನ ನಾ ಇಷ್ಟೆಲ್ಲಾ ಮಾಡಿದ್ದು.”

ಅಜ್ಜಾರು ಅವನನ್ನು ಹತ್ತಿರ ಕರೆದು ತಲೆ ನೇವರಿಸಿದರು.

“ನನಗ ಗೊತ್ತೈತೋ ತಮ್ಮಾ.”

“ಅವರು ಬರ್ತಾರೇನ್ರಿ? ಕೊಡಾ ಹೊರೂದು ಬ್ಯಾಡ ಅಂದಾವ ನಾನ ಅಲ್ರಿ.”

“ಹಂಗಾದ್ರ ಕರಿಯಾಕೂ ನೀನ ಹೋಗು. ಹೋಗೂಕಿಂತ ಮೊದಲ ನನ್ನ ಹೊತ್ತು ಬಾವಿಕಟ್ಟಿ ಮ್ಯಾಲ ಕೂಡಸು. ಆ ತುಂಬಿದ ನೀರಾಗ ದಿನಾ ನನ್ನ ಮಾರಿ ಒಂದನ್ನ ನೋಡಿ ನೋಡಿ ಸಾಕಾಗೇತಿ.”