ಮಾಸ್ತರರು ಒರೆಸಿದ ಮೈನಸ್

ಧಾರವಾಡದಲ್ಲಿ ಇಂಜಿನಿಯರ್ ನೌಕರಿಯ ಪರೀಕ್ಷೆಗೆ ಓದುವ ಹುಡುಗರಿಗೆಲ್ಲ ಹಂಚಿನಾಳ ಮಾಸ್ತರರು ಗೊತ್ತು. ಬೇರೆ ಕಡೆ ಒಂದು ತಾಸು ಹಿಡಿಯುವ ಪಾಠವನ್ನು ಅವರು ಚಹಾ ಆರುವುದರೊಳಗೆ ಮುಗಿಸುತ್ತಿದ್ದರು. ಅದೇ ಅವರ ಹೆಮ್ಮೆ.

ಅವತ್ತಿನ ಪಾಠ ಕಂಬದ್ದು. ಭಾರ ನಟ್ಟನಡುವೆ ಬಿದ್ದರೆ ಕಂಬದ ಮೇಲೆ ಎಲ್ಲ ಕಡೆ ಒಂದೇ ಸಮ ಒತ್ತಡ. ಭಾರ ಪಕ್ಕಕ್ಕೆ ಸರಿದು ಬಿದ್ದರೆ ಆ ಪಕ್ಕದಲ್ಲಿ ಒತ್ತಡ ಹೆಚ್ಚು, ಎದುರು ಪಕ್ಕದಲ್ಲಿ ಕಡಿಮೆ. ಪಕ್ಕಕ್ಕೆ ಸರಿದದ್ದರ ಪಾಲನ್ನು ಒಂದು ಕಡೆಗೆ ಕೂಡಿಸಬೇಕು, ಇನ್ನೊಂದು ಕಡೆಗೆ ಕಳೆಯಬೇಕು. ಲೆಕ್ಕ ಇಷ್ಟೇ.

ಮಾಸ್ತರರು ಬೋರ್ಡಿನ ಮೇಲೆ ಪ್ಲಸ್ ಚಿಹ್ನೆಗೆ ಸುತ್ತು ಹಾಕಿ, ಮೈನಸ್ಸನ್ನು ಅಂಗೈಯಿಂದ ಒರೆಸಿಬಿಟ್ಟರು.

"ಪೇಪರ್‌ನ್ಯಾಗ ಕೇಳೂದು ಅತಿ ಹೆಚ್ಚಿನ ಒತ್ತಡ ಅಷ್ಟ. ಕೂಡಿಸ್ರಿ, ಟಿಕ್ ಹಾಕ್ರಿ, ಮುಂದ ಹೋಗ್ರಿ. ಮೈನಸ್ ಮಾಡ್ಕೋತ ಕುಂತ್ರ ಮುಂದಿನ ವರ್ಷಾನೂ ಇಲ್ಲೇ ಕುಂತಿರ್ತೀರಿ."

ಹುಡುಗರು ನಕ್ಕರು. ಮುಂದಿನ ಸಾಲಿನ ದಾನಮ್ಮ ನಗಲಿಲ್ಲ, ಬರೆದುಕೊಂಡಳು. ಗುರು ಹಾಕಿದ ಗೆರೆ ದಾಟುವ ಹುಡುಗಿ ಅವಳಲ್ಲ. ಮಾಸ್ತರರಿಗೆ ಅವಳ ಮೇಲೆ ಬಲು ಭರವಸೆ.

ಇಬ್ಬರೂ ಉಣ್ಣುತ್ತಿದ್ದುದು ಓಣಿಯ ತುದಿಯ ನಾಗವ್ವನ ಖಾನಾವಳಿಯಲ್ಲಿ. ನಾಗವ್ವ ಒಬ್ಬಳೇ ರೊಟ್ಟಿ ಬಡಿದು ಓದುವ ಹುಡುಗರ ಹೊಟ್ಟೆ ತುಂಬಿಸುತ್ತಿದ್ದಳು. ಅವಳು ಪಾತ್ರೆ ತೊಳೆಯುವ ಹಿತ್ತಲಲ್ಲಿ ಹಳೆಯ ಇಟ್ಟಿಗೆ ಕಂಬವೊಂದು ಒಂಟಿಯಾಗಿ ನಿಂತಿತ್ತು. ಅದರ ಒಂದು ಬದಿಗೆ ಕಬ್ಬಿಣದ ಚೌಕಟ್ಟು ಜೋಡಿಸಿ ಮೇಲೆ ನೀರಿನ ಟಾಕಿ ಇಟ್ಟರೆ ಕೊಡ ಹೊರುವುದು ತಪ್ಪುತ್ತದೆ ಎಂದು ಅವಳ ಆಸೆ. ಕಂಬ ತಾಳದಿದ್ದರೆ ಎಂಬ ಅಳುಕೂ ಇತ್ತು. ಮಾಸ್ತರರನ್ನೇ ಕೇಳಿದಳು.

"ಇಷ್ಟಕ್ಕ ನಾ ಯಾಕ ಬೇಕು ನಾಗವ್ವ? ನಮ್ಮ ದಾನಮ್ಮ ನೋಡ್ತಾಳ" ಎಂದು ಮಾಸ್ತರರು ಕೈ ಒರೆಸಿಕೊಂಡು ಹೊರಟೇಬಿಟ್ಟರು. ಹಿತ್ತಲಿಗೆ ಒಮ್ಮೆ ಇಣುಕಿ ಕೂಡ ನೋಡಲಿಲ್ಲ.

ದಾನಮ್ಮ ಅಳೆದಳು, ಲೆಕ್ಕ ಹಾಕಿದಳು, ತಾಳುತ್ತದೆ ಎಂದಳು. ಟಾಕಿ ಏರಿತು. ಮೊದಲ ಸಲ ಅದರ ತುಂಬ ನೀರು ತುಂಬಿದ ದಿನ ಮಧ್ಯಾಹ್ನ ಮಾಸ್ತರರು ಊಟಕ್ಕೆ ಕುಳಿತಿದ್ದರು. ಎರಡನೆಯ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಹಿತ್ತಲಲ್ಲಿ ಏನೋ ದಢಾರನೆ ಬಿತ್ತು. ಗೋಡೆಯ ಮೇಲಿನ ಪಟ ಅಲುಗಿತು.

ಮಾಸ್ತರರು ಎಂಜಲ ಕೈಯಲ್ಲೇ ಓಡಿದರು. ಕಂಬ ಬುಡದಲ್ಲೇ ಬಾಯಿ ಬಿಟ್ಟು ಮಗುಚಿತ್ತು. ಹಿತ್ತಲ ತುಂಬ ಕೆಂಪು ನೀರು. ಅದು ಇಟ್ಟಿಗೆಯ ಕೆಂಪೋ ಬೇರೆಯದೋ ಅವರಿಗೆ ತಿಳಿಯಲಿಲ್ಲ. ಚೌಕಟ್ಟಿನ ಅಡಿಯಿಂದ ಒಂದು ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿದ, ಹಸಿರು ಬಳೆಯ ಕೈ. ಮಾಸ್ತರರು ಉಣ್ಣುತ್ತಿದ್ದ ಹುಡುಗರನ್ನು ಕೂಗಿ ಕರೆದರು.

ನಾಲ್ಕು ಜನ ಸೇರಿ ಎತ್ತಿದರು. ಪುಣ್ಯಕ್ಕೆ ನಾಗವ್ವನಿಗೆ ಉಸಿರಿತ್ತು. ಆದರೆ ರೊಟ್ಟಿ ಬಡಿಯುವ ಬಲಗೈ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. "ಏನ್ ಲೆಕ್ಕ ಹಾಕಿದಿ ದಾನಮ್ಮ?"

ದಾನಮ್ಮ ಒಂದೂ ಬಿಡದೆ ಒಪ್ಪಿಸಿದಳು. ಭಾರ ಸರಿಯಿತ್ತು. ಅಳತೆ ಸರಿಯಿತ್ತು. ಟಾಕಿ ಇದ್ದ ಬದಿಯ ಒತ್ತಡ ಇಟ್ಟಿಗೆ ತಾಳುವುದರ ಅರ್ಧದಷ್ಟೂ ಇರಲಿಲ್ಲ. ಎಲ್ಲಿ ತಪ್ಪು ಹಿಡಿಯಲಿ ಎಂದು ಕಾದಿದ್ದ ಮಾಸ್ತರರಿಗೆ ಒಂದು ತಪ್ಪೂ ಸಿಗಲಿಲ್ಲ.

"ಮತ್ತ ಎದುರು ಕಡೆ?"

"ಅದನ್ನ ನೀವು ಒರಸಿದ್ರಲ್ರಿ ಸರ."

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೇ. ಮಾಸ್ತರರು ನಿಂತಲ್ಲೇ ಮನಸ್ಸಿನಲ್ಲಿ ಕಳೆದು ನೋಡಿದರು. ಉತ್ತರ ಸೊನ್ನೆಗಿಂತ ಕೆಳಗೆ ಇಳಿಯಿತು. ಎಂದರೆ ಆ ಕಡೆ ಒತ್ತಡವೇ ಇಲ್ಲ, ಎಳೆತ. ಇಟ್ಟಿಗೆ ಕಂಬ ಒತ್ತಿದರೆ ತಾಳುತ್ತದೆ, ಎಳೆದರೆ ಬಿಟ್ಟುಕೊಳ್ಳುತ್ತದೆ. ಪೇರಿಸಿಟ್ಟ ರೊಟ್ಟಿಯ ಹಾಗೆ. ಇದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೇಳಿಕೊಡಲು ಪುರುಸೊತ್ತು ಇರಲಿಲ್ಲ.

ಒಳಗೆ ಹೋದರೆ ನಾಗವ್ವ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಮಾಸ್ತರರನ್ನು ಕಂಡು ತಾನೇ ಮಾತಾಡಿದಳು. "ಅರ್ಧ ಊಟಕ್ಕ ಎದ್ದು ಬಂದ್ರಂತಲ್ರಿ ಸರ. ಹಸದೀರೇನು?"

ಒಣಗಿದ ಎಂಜಲು ಇನ್ನೂ ಮಾಸ್ತರರ ಕೈಯಲ್ಲೇ ಇತ್ತು.

ಮರುದಿನ ಅವರು ಬೋರ್ಡಿನ ಮೇಲೆ ಮೊದಲು ಮೈನಸ್ ಬರೆದರು. ಹಿಂದಿನ ಸಾಲಿನಿಂದ ಒಬ್ಬ ಕೇಳಿದ, "ಸರ, ಪೇಪರ್‌ನ್ಯಾಗ ಇದನ್ನ ಕೇಳಂಗಿಲ್ಲಲ್ರಿ?"

ಮಾಸ್ತರರು ಮೈನಸ್ಸಿಗೆ ಸುತ್ತು ಹಾಕಿದರು. "ಪೇಪರ್ ಕೇಳ್ತೈತಿ, ಹೇಳಬಹುದು. ಕಂಬ ಏನೂ ಕೇಳಂಗಿಲ್ಲಪಾ. ನಾವ ಕೇಳ್ಕೋಬೇಕು."

ನೀತಿ: ಭಾರ ಬಿದ್ದ ಕಡೆ ಎಲ್ಲರೂ ನೋಡುತ್ತಾರೆ, ಬಿರುಕು ಬಿಡುವುದು ಯಾರೂ ನೋಡದ ಎದುರು ಕಡೆ. ಪರೀಕ್ಷೆಗೆ ಬೇಡವೆಂದು ಗುರು ಒರೆಸಿದ ಪಾಠದ ದಂಡವನ್ನು ಪರೀಕ್ಷೆಯನ್ನೇ ಬರೆಯದವರು ತೆರುತ್ತಾರೆ.