ಮಣಿಕಟ್ಟಿನ ದಾರ

ಘಟಪ್ರಭೆಯ ದಂಡೆಗೆ ಒಂದು ಗರಡಿಮನೆ. ಅಲ್ಲಿನ ಗುರು ಭರಮಪ್ಪ ವಸ್ತಾದಿ. ವಯಸ್ಸು ಎಪ್ಪತ್ತೆಂಟು, ಆದರೂ ಅವರು ಒಮ್ಮೆ ಕೆಮ್ಮಿದರೆ ಆಚೆ ದಂಡೆಯ ಕೊಕ್ಕರೆಗಳು ಎದ್ದು ಹಾರಿ, ಮೂರು ದಿನ ಈ ಕಡೆ ಸುಳಿಯುತ್ತಿರಲಿಲ್ಲ.

ನಾಗರ ಪಂಚಮಿಯ ದಿನ ಅಗಸಿ ಬಾಗಿಲ ಮುಂದಿನ ಗುಂಡುಕಲ್ಲನ್ನು ಹೆಗಲಿಗೆ ಏರಿಸಿದವರು ಊರಲ್ಲಿ ಅವರೊಬ್ಬರೇ. ಅದಾಗಿ ಐವತ್ತು ವರ್ಷ. ಆ ಕಲ್ಲು ಮತ್ತೊಮ್ಮೆ ನೆಲ ಬಿಡುವುದನ್ನು ನೋಡಿಯೇ ಸಾಯಬೇಕು, ಅದೊಂದೇ ಅವರಿಗೆ ಉಳಿದ ಆಸೆ.

ಎತ್ತಬಲ್ಲವನು ಒಬ್ಬನಿದ್ದ, ಶಿಷ್ಯ ಸಿದರಾಯ. ಎತ್ತುತ್ತಿರಲಿಲ್ಲ.

"ಈ ಪಂಚಮಿಗೆ ಎತ್ತತೀಯೇನೋ?"

"ಇಲ್ರಿ ವಸ್ತಾದಿ. ನಾ ಇನ್ನೂ ಬೆಳೀಬೇಕು."

ನಾಲ್ಕು ಪಂಚಮಿ ಹೀಗೇ ಹೋದವು.

ಆ ಗರಡಿಯಲ್ಲಿ ಒಂದು ಪದ್ಧತಿ. ಶಿಷ್ಯ ಬಂದ ಮೊದಲ ದಿನ ಗುರು ಅವನ ಮಣಿಕಟ್ಟಿಗೆ ದಾರ ಸುತ್ತಿ, ಅಳತೆಗೆ ಕತ್ತರಿಸಿ, ಹನುಮಪ್ಪನ ಪಟದ ಕೆಳಗೆ ಅವನ ಮೊಳೆಗೆ ತೂಗುಹಾಕುತ್ತಾರೆ. ಮಣಿಕಟ್ಟು ಬರೀ ಎಲುಬು, ಎಷ್ಟು ಸಾಮು ಮಾಡಿದರೂ ಬೆಳೆಯುವುದಿಲ್ಲ. ಆ ದಾರದ ಎರಡರಷ್ಟು, ಮೇಲೆ ನಾಲ್ಕು ಬೆರಳು. ತೋಳಿನ ಸುತ್ತಳತೆ ಅಷ್ಟಾಯಿತೆಂದರೆ ಆ ಮೈ ತುಂಬಿತು ಅಂತ ಲೆಕ್ಕ.

ಸಿದರಾಯನ ಮೈ ತುಂಬಿ ನಾಲ್ಕು ವರ್ಷವಾಗಿತ್ತು. ಆಗ ಎಪ್ಪತ್ತು ಕಿಲೋ ಇದ್ದ. ಗರಡಿಯ ಅಭ್ಯಾಸದ ಕಲ್ಲು ಬೆಕ್ಕಿನ ಮರಿಯ ಹಾಗೆ ಅವನ ಎದೆ ಹತ್ತುತ್ತಿತ್ತು.

ಅವನಿಗೆ ಅದು ಸಾಲಲಿಲ್ಲ. ತುಪ್ಪ ಕುಡಿದ, ಖೋವಾ ತಿಂದ, ದಿನಾ ಬೆಲ್ಲದಂಗಡಿಯ ತಕ್ಕಡಿ ಹತ್ತಿ ಇಳಿದ. ಒಂದು ಮುಂಜಾನೆ ಓಡುತ್ತಾ ಬಂದ.

"ಎಂಬತ್ನಾಲ್ಕು ಆತ್ರಿ."

ವಸ್ತಾದಿ ಅವನ ಹೊಟ್ಟೆ ನೋಡಿದರು. "ಎಪ್ಪತ್ತು ನಿಂದು. ಹದಿನಾಲ್ಕು ಎಮ್ಮೀದು."

"ತೂಕ ಅಂದ್ರ ತೂಕ ಅಲ್ಲೇನ್ರಿ?"

"ಈ ಗರಡಿ ಕಲ್ಲು ಎತ್ತು."

ಕಲ್ಲು ಮೊಣಕಾಲು ದಾಟಿತು, ತೊಡೆ ದಾಟಿತು, ಹೊಟ್ಟೆಯ ಮೇಲೆ ಬೀಗರ ಹಾಗೆ ಕೂತುಬಿಟ್ಟಿತು. ಮುಂದೆ ಏಳಲಿಲ್ಲ.

"ತೋಳು ಸಾಲವಲ್ದು ನೋಡ್ರಿ," ಅಂದ ಸಿದರಾಯ, ಏದುಸಿರು ಬಿಡುತ್ತಾ. "ಇನ್ನೂ ಬೆಳೀಬೇಕು."

ವಸ್ತಾದಿ ಕಟ್ಟೆಯ ಮೇಲೆ ಕೂತು ತಲೆ ಹಿಡಿದುಕೊಂಡರು. "ಬೆಳೆಯೂದು ಮುಗದೈತಿ ಅಂತ ದಾರ ಹೇಳತೈತೋ."

"ದಾರ ಹಂಗ ಹೇಳೂದಿಲ್ರಿ. ಇವತ್ತು ಅಳದು ನೋಡ್ರಿ."

ವಸ್ತಾದಿ ಎದ್ದು ಅವನ ಮೊಳೆಯಿಂದ ದಾರ ತಂದು ಮಣಿಕಟ್ಟಿಗೆ ಸುತ್ತಿದರು. ಅದು ಸಡಿಲ ಬಳೆಯ ಹಾಗೆ ಜೋತುಬಿತ್ತು.

"ಇದು ನಿಂದಲ್ಲ. ಬದಲಿ ಮಾಡೀಯಾ?"

"ಹೂನ್ರಿ. ಗ್ವಾಡಿ ಮ್ಯಾಲಿನ ಎಲ್ಲಾದಕ್ಕಿಂತ ಉದ್ದಂದು ಇದು. ಈ ಲೆಕ್ಕದಾಗ ನಾ ಇನ್ನೂ ಮೂರು ಬೆರಳು ಬೆಳೀಬೇಕು." ಹೇಳುವಾಗ ಅವನ ಮುಖ ಅರಳಿತ್ತು.

ವಸ್ತಾದಿಗೆ ನಗಬೇಕೋ ಒದೆಯಬೇಕೋ ತಿಳಿಯಲಿಲ್ಲ. "ಅಲ್ಲೋ ಮಾರಾಯಾ, ಕದಿಯೂ ಮಂದಿ ಗಿಡ್ಡ ದಾರ ಕದ್ದು ತೋಳು ದೊಡ್ಡದು ಅಂತ ತೋರಸ್ತಾರ. ನೀ ಉದ್ದಂದು ಕದ್ದು, ಇದ್ದ ತೋಳು ಸಣ್ಣದು ಮಾಡಕೊಂಡಿ?"

"ಅದು ನಿಮ್ಮ ದಾರ ಅಲ್ಲೇನ್ರಿ? ನಿಮ್ಮಷ್ಟು ಆಗೂ ತನಕ ಅಗಸಿ ಕಲ್ಲು ಮುಟ್ಟೂದಿಲ್ಲ ಅಂತ ಹನುಮಪ್ಪನ ಆಣಿ ಮಾಡೇನಿ."

"ಅದು ದುಂಡಪ್ಪಂದು. ಈ ಬಾಗಿಲದಾಗ ಅಡ್ಡ ಹೊಳ್ಳಿ ಬರತಿದ್ದ, ಅಷ್ಟು ದಪ್ಪ. ಕಲ್ಲು ಅವನ ಮೊಣಕಾಲ ದಾಟಲಿಲ್ಲ."

"ಮತ್ತ ನಿಮ್ಮದು?"

"ನಂದು ಯಾಕ ನಿನಗ?"

"ಅಲ್ರಿ, ಆಗ ನೀವು ನೂರಾ ಇಪ್ಪತ್ತು ಕಿಲೋ ಇದ್ರಿ. ಎತ್ತಿನ ಕೊರಳಿನ ಪಟ್ಟಿ ನಿಮ್ಮ ತೋಳಿಗೆ ಸಾಲತಿರಲಿಲ್ಲ."

"ಯಾವಂವ ಹೇಳಿದ?"

"ನೀವ ಹೇಳೀರಿ."

ವಸ್ತಾದಿಯೇ ಹೇಳಿದ್ದರು, ನಿಜ. ಪ್ರತಿ ಮಳೆಗಾಲಕ್ಕೂ ಒಂದು ಕಿಲೋ, ಚೂರು ಹೆಚ್ಚು ಏರಿಸುತ್ತಲೇ ಬಂದಿದ್ದರು. ಊರು ಬಾಯಿ ಬಿಟ್ಟು ಕೇಳುತ್ತಿತ್ತು. ಅಂದು ಕಣ್ಣಿಂದ ಕಂಡವರೆಲ್ಲ ಒಬ್ಬೊಬ್ಬರಾಗಿ ಸತ್ತು ಅನುಕೂಲ ಮಾಡಿಕೊಟ್ಟಿದ್ದರು.

ಹೊಳೆಯ ಕಡೆ ನೋಡಿದರು. ಪಂಚಮಿಗೆ ಇನ್ನು ಎರಡೇ ತಿಂಗಳು. ಇದು ಐದನೆಯದು. ಆರನೆಯದಕ್ಕೆ ತಾವು ಇರುತ್ತೇವೆಂಬ ಖಾತ್ರಿ ಅವರಿಗಿರಲಿಲ್ಲ.

ಎದ್ದು ಹೋಗಿ ಗರಡಿಯ ಬಾಗಿಲು ಹಾಕಿದರು. ಸೊಂಟದ ಎಲೆಚೀಲ ಬಿಚ್ಚಿ, ಅಡಿಕೆಯ ತಳದಿಂದ ಒಂದು ದಾರ ತೆಗೆದರು. ಸುಣ್ಣ ತಗಲಿ ತಗಲಿ ಬಣ್ಣಗೆಟ್ಟಿತ್ತು. ಅದನ್ನು ಸಿದರಾಯನ ಮಣಿಕಟ್ಟಿಗೆ ಸುತ್ತಿದರು.

ತುದಿಗಳು ಕೂಡಲಿಲ್ಲ. ನಡುವೆ ಒಂದು ಬೆರಳು ಉಳಿಯಿತು.

"ಯಾವ ಸಣಕಲಂದ್ರಿ ಇದು?"

"ನಂದು."

ಸಿದರಾಯ ದಾರ ನೋಡಿದ. ಗುರುವನ್ನು ನೋಡಿದ. ಮತ್ತೆ ದಾರ ನೋಡಿದ.

"ಮತ್ತ ನೂರಾ ಇಪ್ಪತ್ತು?"

"ಅರವತ್ತಾರು. ಅದೂ ತೊಯ್ದ ಧೋತರ ಸೇರಿ. ನಿನ್ನ ಆಣಿ ತೀರಿ ನಾಲ್ಕು ವರ್ಷ ಆತು."

ಸಿದರಾಯ ಮೆಲ್ಲಗೆ ಕೇಳಿದ: "ಹಂಗಾದ್ರ ಅಷ್ಟು ದೊಡ್ಡವರು ನೀವು ಯಾವಾಗ ಆದ್ರಿ?"

"ಎತ್ತಿದ ಮ್ಯಾಲೆ. ವರ್ಷಾ ವರ್ಷಾ, ಹೇಳಿ ಹೇಳಿ. ನೀನೂ ಮೊದಲ ಎತ್ತೋ ತಮ್ಮಾ."